ಉರಿಯದ ಸೌದೆಯೂ ವಿಷಗಾಳಿ ಬಿಡುತ್ತದೆ: ಚಳಿನಾಡಿನ ಕನ್ನಡ ಕೂಟಗಳಿಗೆ ಬಹಿರಂಗ ಪತ್ರ

ಚಳಿನಾಡುಗಳ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ಮತ್ತು ಬೇಸ್‌ಮೆಂಟಿನಲ್ಲೋ ಗ್ಯಾರೇಜಿನಲ್ಲೋ ಮರದ ಪೆಲೆಟ್ ತುಂಬಿಸಿಟ್ಟುಕೊಂಡಿರುವ ಎಲ್ಲ ಕನ್ನಡಿಗರಿಗೆ,

ಮಾನ್ಯರೇ,

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಸ್ವೀಡನ್, ಅಮೆರಿಕದ ಈಶಾನ್ಯ ರಾಜ್ಯಗಳು. ಇಲ್ಲೆಲ್ಲ ಮನೆ ಬೆಚ್ಚಗಿಡಲು ಎಣ್ಣೆ, ಗ್ಯಾಸು ಬಿಟ್ಟು ಮರದ ಪೆಲೆಟ್ಟಿಗೆ, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳಿಗೆ, ಬದಲಾದ ಮನೆಗಳು ಬಹಳ ಇವೆ. ಅಂಥ ಮನೆಯನ್ನು ಬಾಡಿಗೆಗೆ ಹಿಡಿದವರು, ಸಾಲ ಮಾಡಿ ಕೊಂಡವರು ನಮ್ಮವರಲ್ಲೂ ಇದ್ದೀರಿ. ಬಾಯ್ಲರ್ ಹೇಗೆ ಹೊತ್ತಿಸಬೇಕು, ಚಿಮಣಿ ಯಾವಾಗ ಗುಡಿಸಬೇಕು ಎಂಬುದನ್ನು ಮನೆ ತೋರಿಸಿದವರು ಹೇಳಿರುತ್ತಾರೆ. ಪೆಲೆಟ್ ರಾಶಿ ಬಿದ್ದಿರುವ ಕೋಣೆಯ ಬಗ್ಗೆ ಹೇಳುವವರು ಕಡಿಮೆ. ಈ ಪತ್ರ ಆ ಕೋಣೆಯ ಬಗ್ಗೆ.

ವಿಷಯ ಇಷ್ಟು. ಪೆಲೆಟ್ ಉರಿಯದೆ ಸುಮ್ಮನೆ ಬಿದ್ದಿರುವಾಗಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿ ಬಿಡುತ್ತದೆ. ಬಾಯ್ಲರ್ ಆರಿಸಿ, ವಿದ್ಯುತ್ ತೆಗೆದು, ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಗಟ್ಟಿಮುಟ್ಟಾದ ಆಳನ್ನು ನಿಂತಲ್ಲೇ ಕೆಡವುವಷ್ಟು ಸೇರಿಕೊಳ್ಳುತ್ತದೆ. ಆದ್ದರಿಂದ ಆ ಕೋಣೆಯ ಬಾಗಿಲು ತೆಗೆದ ಕೂಡಲೇ ಯಾರೂ ಒಳಗೆ ಕಾಲಿಡಬಾರದು. ಆ ಕೋಣೆಯ ಗಾಳಿ ಮನೆಯೊಳಗೆ ಬರಲೂಬಾರದು.

ಕನ್ನಡಿಗರಿಗೇ ಇದನ್ನು ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ಸೌದೆ ನಮಗೆ ಹೊಸತಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಗೆ ಇಡೀ ಮಳೆಗಾಲಕ್ಕಾಗುವಷ್ಟು ಸೌದೆ ಮೊದಲೇ ಕೂಡಿಡುತ್ತಾರೆ. ಕೆಂಡದಿಂದ ಅಪಾಯ ಎಂಬುದೂ ನಮಗೆ ಗೊತ್ತು. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಪೂರ್ತಿ ಹಾಕಬೇಡಿ ಎಂದು ಹಿರಿಯರು ಹೇಳುತ್ತಾರೆ. ಬೆಂಕಿ ಇದ್ದರೆ ಅಪಾಯ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಹೀಗೆ ಮನಸ್ಸಿನಲ್ಲಿ ಕೂತಿದೆ. ಪೆಲೆಟ್ ವಿಚಾರದಲ್ಲಿ ಆ ಲೆಕ್ಕ ತಪ್ಪು. ಹೆಂಚಿನ ಮಾಡಿನ, ಮೂರು ಬದಿ ತೆರೆದ ಸೌದೆ ಕೊಟ್ಟಿಗೆ ತಾನಾಗಿ ಉಸಿರಾಡುತ್ತದೆ. ಚಳಿಗೆಂದು ಸಂದು ಸಂದನ್ನೂ ಮುಚ್ಚಿ ಕಟ್ಟಿದ ಕಾಂಕ್ರೀಟ್ ಬೇಸ್‌ಮೆಂಟ್ ಹಾಗಲ್ಲ.

ನಿಜವಾಗಿ ಹೋಲಿಸಬೇಕಾದದ್ದು ಉತ್ತರ ಕರ್ನಾಟಕದ ಹಗೇವನ್ನು. ನೆಲದಡಿ ತೋಡಿದ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ಕಾಳು ಒಳಗಿನ ಆಮ್ಲಜನಕವನ್ನು ತಿಂದು ಹಾಕುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವರು ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಅದಕ್ಕೇ ತಿಳಿದವರು ಬಾಯಿ ತೆಗೆದಿಟ್ಟು ಕಾಯುತ್ತಾರೆ, ಕಂದೀಲು ಇಳಿಬಿಟ್ಟು ನೋಡುತ್ತಾರೆ. ಪೆಲೆಟ್ ಕೋಣೆಯೂ ಒಂದು ಹಗೇವು. ಆದರೆ ಕಂದೀಲಿನ ಪರೀಕ್ಷೆಯನ್ನು ಇಲ್ಲಿಗೆ ತರಬೇಡಿ. ದೀಪ ಆರುವುದು ಆಮ್ಲಜನಕ ತೀರ ಇಳಿದಾಗ. ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ ಒಂದು ಪಾಲೂ ಇಲ್ಲದಿರುವಾಗಲೇ ಮನುಷ್ಯನನ್ನು ಕೊಲ್ಲುತ್ತದೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಅದರ ಮೇಲೆ ಪೆಲೆಟ್ಟಿನ ನುಣುಪು ಧೂಳು ಗಾಳಿಯಲ್ಲಿ ಎದ್ದಿದ್ದರೆ ಕಿಡಿ ತಗುಲಿ ಸ್ಫೋಟವಾಗಬಹುದು. ಆ ಕೋಣೆಗೆ ಬೆಂಕಿಕಡ್ಡಿ, ಸಿಗರೇಟು, ದೀಪ ಯಾವುದೂ ಬೇಡ.

ಒಂದು ಪೆಲೆಟ್ಟನ್ನು ಅಂಗೈಯಲ್ಲಿಟ್ಟು ನೋಡಿ. ದಪ್ಪ ಸಾಮಾನ್ಯವಾಗಿ 6 ಮಿಲಿಮೀಟರ್, ಉದ್ದ ಹೆಚ್ಚೆಂದರೆ ಬೆರಳಿನ ಒಂದು ಗೆಣ್ಣಿನಷ್ಟು, ಮೈ ಹೊಳಪು. ಮುರಿದರೆ ಟಕ್ಕೆಂದು ಮುರಿಯುತ್ತದೆ, ತುದಿಯಲ್ಲಿ ಹೊಟ್ಟು ಉದುರುತ್ತದೆ. ಮರದ ಹೊಟ್ಟನ್ನು ಒಣಗಿಸಿ, ಪುಡಿ ಮಾಡಿ, ಅಚ್ಚಿನ ತೂತಿನಲ್ಲಿ ಬಿಸಿಯೊಂದಿಗೆ ಒತ್ತಿದಾಗ ಇದಾಗುತ್ತದೆ. ಪೈನ್, ಸ್ಪ್ರೂಸ್ ಜಾತಿಯ ಮರದಲ್ಲಿ ಕೊಬ್ಬಿನಾಮ್ಲಗಳಿರುತ್ತವೆ; ಅಡುಗೆ ಎಣ್ಣೆಯಲ್ಲಿರುವ ಒಲೀಯಿಕ್, ಲಿನೋಲೀಯಿಕ್ ಆಮ್ಲಗಳೇ. ದಿಮ್ಮಿಯಾಗಿದ್ದಾಗ ಅವು ಮರದ ಕೋಶಗಳೊಳಗೆ ಭದ್ರ. ಪುಡಿ ಮಾಡಿದಾಗ ಗಾಳಿಗೆ ಮೈ ತೆರೆದುಕೊಳ್ಳುತ್ತವೆ. ಆಮೇಲೆ ಆಗುವುದು ಹಳೆಯ ಕೊಬ್ಬರಿಗೆ, ಡಬ್ಬದ ತಳದ ಶೇಂಗಾ ಎಣ್ಣೆಗೆ ಆಗುವುದೇ: ಆಮ್ಲಜನಕ ಹೀರಿ ಕಮಟು ಹಿಡಿಯುತ್ತವೆ. ಆ ಕಮಟಿನ ವಾಸನೆಯಲ್ಲಿ ಹೆಕ್ಸನಾಲ್, ಪೆಂಟನಾಲ್ ಎಂಬ ಆಲ್ಡಿಹೈಡುಗಳಿವೆ. ಕಣ್ಣು, ಮೂಗು ಉರಿಸುತ್ತವೆ. ಅದೇ ಕ್ರಿಯೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡೂ ಹುಟ್ಟುತ್ತದೆ, ಕೋಣೆಯ ಆಮ್ಲಜನಕವೂ ಇಳಿಯುತ್ತದೆ.

ಹೊಸ ಪೆಲೆಟ್ ಮೊದಲ ಕೆಲವು ವಾರ ಹೆಚ್ಚು ಬಿಡುತ್ತದೆ, ಆಮೇಲೆ ಕಡಿಮೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಸೆಕೆ ಏರಿದಷ್ಟೂ ಹೆಚ್ಚು. ಕಮಟು ವಾಸನೆ ಬಂದರೆ ಎಚ್ಚರಾಗಿ, ಬರದಿದ್ದರೆ ನಿಶ್ಚಿಂತರಾಗಬೇಡಿ.

ಇದು ಲ್ಯಾಬಿನೊಳಗಿನ ಊಹೆಯಲ್ಲ. 2006ರ ನವೆಂಬರಿನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಬಂದರಿನಲ್ಲಿ ಕೆನಡಾದಿಂದ ಪೆಲೆಟ್ ತಂದ ಹಡಗಿನಲ್ಲಿ ಒಬ್ಬ ನಾವಿಕ ಸತ್ತ, ಸರಕು ಇಳಿಸುವ ಆಳೊಬ್ಬನ ಸ್ಥಿತಿ ಗಂಭೀರವಾಯಿತು. ಅವರಿದ್ದದ್ದು ಪೆಲೆಟ್ ರಾಶಿಯ ಮೇಲಲ್ಲ, ಪಕ್ಕದ ಮೆಟ್ಟಿಲ ಕಿಂಡಿಯಲ್ಲಿ. ಆಮೇಲೆ ಜರ್ಮನ್ ಮಾತಾಡುವ ದೇಶಗಳಲ್ಲಿ ಸುಮಾರು ಒಂದೇ ವರ್ಷದ ಅಂತರದಲ್ಲಿ ವಸತಿಗಳ ಪೆಲೆಟ್ ಕೋಣೆಗಳಲ್ಲಿ ಎರಡು ಸಾವುಗಳಾದವು. ಸತ್ತವರಲ್ಲಿ ಒಬ್ಬಾಕೆ ನಾಲ್ಕು ತಿಂಗಳ ಗರ್ಭಿಣಿ. ವಿಧಿವಿಜ್ಞಾನ ತಜ್ಞರು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸ್ಥಳದಲ್ಲಿ ಅಳೆದಾಗ ಒಂದು ಕಡೆ 7,500 ಪಿಪಿಎಂ, ಇನ್ನೊಂದು ಕಡೆ 500 ಪಿಪಿಎಂಗಿಂತ ಹೆಚ್ಚು ಇತ್ತು. ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ತಕ್ಷಣ ಪ್ರಾಣಾಪಾಯ ಎಂದು ಗೆರೆ ಹಾಕಿರುವುದು 1,200ಕ್ಕೆ. ಅದೇ ತಂಡ 30 ಕೆ.ಜಿ. ಹೊಸ ಪೆಲೆಟ್ಟನ್ನು ಗಾಳಿಯಾಡದ ಡಬ್ಬಗಳಲ್ಲಿ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ದಿನ ಇಟ್ಟು ನೋಡಿತು. ಎಲ್ಲ ಡಬ್ಬಗಳಲ್ಲೂ 3,100ರಿಂದ 4,700 ಪಿಪಿಎಂ ಬಂತು. 30 ಕೆ.ಜಿ. ಎಂದರೆ ಯುರೋಪಿನ ಅಂಗಡಿಯ 15 ಕೆ.ಜಿ. ಚೀಲ ಎರಡು. ನಿಮ್ಮ ಕೋಣೆಯಲ್ಲಿ ಟನ್ನುಗಟ್ಟಲೆ ಇದೆ.

ಆ ವರದಿಯಲ್ಲಿ ನಮ್ಮನ್ನು ಹೆಚ್ಚು ಕಾಡುವ ಮಾತು ಬೇರೆ. ಆಗಿನ ನಿಯಮದಂತೆ ಕೋಣೆಗಳಿಗೆ ಗಾಳಿಯಾಡಿಸಿದ ಮೇಲೂ ವಿಷದ ಮಟ್ಟ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಪೆಲೆಟ್ ಕೋಣೆಗಳ ಬಾಗಿಲ ಮೇಲೆ ‘ಒಳಗೆ ಹೋಗುವ ಮುಂಚೆ ಕನಿಷ್ಠ 15 ನಿಮಿಷ ಗಾಳಿಯಾಡಿಸಿ’ ಎಂಬ ಚೀಟಿ ಅಂಟಿಸಿರುವುದುಂಟು. ಅದು ಕನಿಷ್ಠ. ಗಡಿಯಾರ ನೋಡಿ ಒಳಗೆ ಹೋಗಬೇಡಿ, ಮೀಟರ್ ನೋಡಿ ಹೋಗಿ.

ಇನ್ನು ಕಾಲದ ವಿಚಾರ. ಮನೆ ಕಾಯಿಸುವ ಇಂಧನದ ಅಪಾಯ ಎಂದರೆ ಎಲ್ಲರ ತಲೆಗೆ ಬರುವುದು ಜನವರಿ. ಆದರೆ ಪೆಲೆಟ್ ಅಗ್ಗವಾಗುವುದು ಬೇಸಿಗೆಯಲ್ಲಿ, ಬಹಳ ಜನ ಕೋಣೆ ತುಂಬಿಸುವುದೂ ಆಗಲೇ. ಹೊಸ ಮಾಲು, ಸೆಕೆ, ತುಂಬಿದ ಕೋಣೆ ಮೂರೂ ಕೂಡುವುದು ಜೂನ್, ಜುಲೈ, ಆಗಸ್ಟಿನಲ್ಲಿ. ಬಾಯ್ಲರ್ ಆರಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಸಮಯಕ್ಕೆ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ತಂಪಾಗಿದೆ ಎಂದು ಬೇಸ್‌ಮೆಂಟಿನ ಕೋಣೆಯಲ್ಲೇ ಹಾಸಿಗೆ ಹಾಕಿಕೊಡುತ್ತೇವೆ. ದಯವಿಟ್ಟು ಪೆಲೆಟ್ ಕೋಣೆಯ ಪಕ್ಕದಲ್ಲಿ ಯಾರನ್ನೂ ಮಲಗಿಸಬೇಡಿ.

ಚಳಿಗಾಲದ ಅಪಾಯದ ದಾರಿ ಬೇರೆ. ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತಿದ್ದಂತೆ ಆ ಜಾಗ ತುಂಬಲು ಕೆಳಗಿನ ಗಾಳಿ ಮೇಲೆ ಬರುತ್ತದೆ. ಇಡೀ ಮನೆ ಚಿಮಣಿಯ ಹಾಗೆ ಬೇಸ್‌ಮೆಂಟಿನ ಗಾಳಿಯನ್ನು ಮಲಗುವ ಕೋಣೆಗೆ ಎಳೆಯುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಬಟ್ಟೆ ಒಣಗಿಸುವ ಡ್ರೈಯರ್ ಓಡಿದರೆ ಎಳೆತ ಇನ್ನೂ ಜೋರು. ಕಾರ್ಬನ್ ಮೊನಾಕ್ಸೈಡಿನ ತೂಕ ಹೆಚ್ಚುಕಡಿಮೆ ಗಾಳಿಯದೇ. ಅದು ನೆಲಕ್ಕೆ ಇಳಿದು ಕೂರುವುದಿಲ್ಲ, ಸೂರಿಗೆ ಏರಿ ನಿಲ್ಲುವುದಿಲ್ಲ, ಗಾಳಿ ಹೋದಲ್ಲೆಲ್ಲ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಕಷ್ಟವಲ್ಲ. ಪಿಪಿಎಂ ಅಂಕಿ ತೋರಿಸುವ, ಕೈಯಲ್ಲಿ ಹಿಡಿಯುವ ಕಾರ್ಬನ್ ಮೊನಾಕ್ಸೈಡ್ ಮೀಟರ್ ಬೇಕು. ಬರೀ ಕೆಂಪು ದೀಪ ಹೊತ್ತುವ ಅಲಾರಂ ಈ ಕೆಲಸಕ್ಕೆ ಆಗದು. ಮೀಟರನ್ನು ಹೊರಗೆ ಬಯಲಲ್ಲಿ ಆನ್ ಮಾಡಿ, ಸೊನ್ನೆ ತೋರಿಸುತ್ತದೆಯೇ ನೋಡಿ. ಬಾಯ್ಲರ್, ಗ್ಯಾಸ್ ಗೀಸರ್, ಅಗ್ಗಿಷ್ಟಿಕೆ ಎಲ್ಲ ಒಂದು ಇಡೀ ದಿನ ಆರಿಸಿಡಿ, ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಬೇಡಿ. ಚಳಿಗಾಲದಲ್ಲಿ ಮನೆ ಆರಿಸಿಟ್ಟರೆ ನೀರಿನ ಪೈಪು ಹೆಪ್ಪುಗಟ್ಟುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಬೇಸಿಗೆಯೇ ಸರಿ. ಆಮೇಲೆ ಪೆಲೆಟ್ ಕೋಣೆಯ ಮುಚ್ಚಿದ ಬಾಗಿಲಿನ ಹೊರಗೆ, ಬೇಸ್‌ಮೆಂಟಿನ ನಡುವೆ, ಮೆಟ್ಟಿಲಿನ ತುದಿಯಲ್ಲಿ, ಮಲಗುವ ಕೋಣೆಯಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಳೆದು ಬರೆದಿಡಿ. ಬೆಂಕಿ ಎಲ್ಲೂ ಇಲ್ಲದಿರುವಾಗ ಬಾಗಿಲ ಬಳಿ 12, ಬೇಸ್‌ಮೆಂಟಿನಲ್ಲಿ 8, ಮೆಟ್ಟಿಲ ತುದಿಯಲ್ಲಿ 4 ಎಂದು ಇಳಿಯುತ್ತಾ ಬಂದರೆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಬೇರೆ ಸಾಕ್ಷಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ದಿನದ ಸರಾಸರಿ ಘನ ಮೀಟರಿಗೆ 4 ಮಿಲಿಗ್ರಾಂ, ಅಂದರೆ ಸುಮಾರು 3.5 ಪಿಪಿಎಂ. ಒಂದು ಗಂಟೆಯ ಮಿತಿ 35 ಮಿಲಿಗ್ರಾಂ, ಸುಮಾರು 30 ಪಿಪಿಎಂ.

ಆಮೇಲೆ ಬ್ಯಾಟರಿ ಹಿಡಿದು ಕೋಣೆಯ ಗೋಡೆಗಳನ್ನು ಹೊರಗಿನಿಂದ ನೋಡಿ. ಸಾಮಾನ್ಯವಾಗಿ ಸೋರುವುದು ಬಾಗಿಲಿನ ಕೆಳಸಂದಿನಲ್ಲಿ, ಪೆಲೆಟ್ ಎಳೆಯುವ ಪೈಪು ಅಥವಾ ಸ್ಕ್ರೂ ಗೋಡೆ ತೂರಿ ಬರುವ ತೂತಿನಲ್ಲಿ, ವಯರು ದಾಟಿಸಿದ ಕಿಂಡಿಯಲ್ಲಿ. ಬಾಗಿಲಿಗೆ ಸುತ್ತ ರಬ್ಬರ್ ಸೀಲ್ ಬೇಕು, ತೂತುಗಳನ್ನು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಬೇಕು. ಆದರೆ ಮನೆ ಕಡೆ ಮುಚ್ಚಿದಷ್ಟೇ ಮುಖ್ಯ ಹೊರಗಡೆಗೆ ತೆರೆದಿರುವುದು. ಕೋಣೆಯ ಉಸಿರು ಮನೆಯ ಕಡೆಗಲ್ಲ, ಬಯಲಿಗೆ ಹೋಗಬೇಕು. ಲಾರಿಯಿಂದ ಪೆಲೆಟ್ ಊದುವ ಎರಡು ಲೋಹದ ಬಾಯಿಗಳು ಹೊರಗೋಡೆಯ ಮೇಲಿರುತ್ತವೆ, ಸುಮಾರು 100 ಮಿಲಿಮೀಟರ್ ಅಗಲದವು. ಅವಕ್ಕೆ ತೂತಿಲ್ಲದ ಮುಚ್ಚಳ ಹಾಕಿದ್ದರೆ ಕೋಣೆಗೆ ಉಸಿರಿಲ್ಲ ಎಂದೇ ಅರ್ಥ. ಮಳೆ ಒಳಗೆ ಹೋಗದ, ಗಾಳಿ ಆಡುವ ಮುಚ್ಚಳಗಳು ಸಿಗುತ್ತವೆ. ಪೆಲೆಟ್ ಕೊಡುವವರನ್ನೇ ಕೇಳಿ. ಬಾಯಿಯಿಂದ ಕೋಣೆಯವರೆಗೆ ಪೈಪು ಉದ್ದವಾಗಿದ್ದರೆ ಈ ಮುಚ್ಚಳ ಸಾಲದು, ಬಯಲಿಗೆ ಪ್ರತ್ಯೇಕ ಗಾಳಿಕಿಂಡಿ ಬೇಕು. ಎಷ್ಟು ಟನ್ನಿಗೆ ಎಷ್ಟು ದೊಡ್ಡ ಕಿಂಡಿ ಎಂಬ ಲೆಕ್ಕವನ್ನು 2018ರ ಐಎಸ್‌ಒ 20023 ಮಾನದಂಡ ಮತ್ತು ಜರ್ಮನಿಯ ವಿಡಿಐ 3464 ಬಲ್ಲ ಕೆಲಸಗಾರರಿಂದಲೇ ಮಾಡಿಸಿ. ಗಾಳಿಕಿಂಡಿ ಮಾಡುವ ಭರದಲ್ಲಿ ನೀರಿಗೆ ದಾರಿ ಮಾಡಿಬಿಟ್ಟರೆ ಇನ್ನೊಂದು ಅನಾಹುತ: ನೆನೆದ ಪೆಲೆಟ್ ಹಲವು ಪಟ್ಟು ಉಬ್ಬಿ ಗೋಡೆಯನ್ನೇ ಬಿರುಕು ಬಿಡಿಸುತ್ತದೆ.

ಗೋಡೆ ಕಟ್ಟಿದ ಕೋಣೆಯ ಬದಲು ಬೇಸ್‌ಮೆಂಟಿನಲ್ಲಿ ಚೌಕಟ್ಟಿಗೆ ತೂಗುಹಾಕಿದ ದೊಡ್ಡ ಬಟ್ಟೆಚೀಲ ಇರುವ ಮನೆಗಳೂ ಉಂಟು. ಬಟ್ಟೆ ಧೂಳನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಅಂಥಲ್ಲಿ ಚೀಲವಿರುವ ಇಡೀ ಕೋಣೆಯೇ ಪೆಲೆಟ್ ಕೋಣೆ ಎಂದು ತಿಳಿದು ಅದಕ್ಕೇ ಬಯಲಿನ ಗಾಳಿ ಕೊಡಬೇಕು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚೀಲಗಳಲ್ಲೂ ಸಣ್ಣ ತೂತುಗಳಿರುತ್ತವೆ. ಅಮೆರಿಕದಲ್ಲಿ 40 ಪೌಂಡಿನ 50 ಚೀಲ ಸೇರಿಸಿ ಒಂದು ಟನ್ ಎಂದು ಮಾರುತ್ತಾರೆ. ಚಳಿಗಾಲಕ್ಕೆಂದು ಮೂರು ಟನ್ ಬೇಸ್‌ಮೆಂಟಿನಲ್ಲಿ ಜೋಡಿಸಿದರೆ 150 ಚೀಲ. ಮನೆಗೆ ಅಂಟದ ಶೆಡ್ಡಿನಲ್ಲಿ, ಹಲಗೆಯ ಮೇಲೆ, ನೀರು ತಾಕದಂತೆ ಇಟ್ಟು ವಾರಕ್ಕೆ ಬೇಕಾದಷ್ಟೇ ಒಳಗೆ ತನ್ನಿ. ಜಾಗವಿದ್ದವರಿಗೆ ನಮ್ಮ ಮೊದಲ ಸಲಹೆಯೇ ಇದು: ದಾಸ್ತಾನು ಮನೆಯ ಹೊರಗಿರಲಿ. ಉಳಿದ ಎಲ್ಲ ಉಪಾಯಗಳೂ ಅದು ಆಗದವರಿಗೆ.

ಜನ ಆ ಕೋಣೆಯೊಳಗೆ ಹೋಗುವುದಾದರೂ ಯಾಕೆ? ಹೆಚ್ಚಾಗಿ ಪೆಲೆಟ್ ಕಚ್ಚಿಕೊಂಡಾಗ. ಪುಡಿ ಜಾಸ್ತಿಯಾದರೆ ರಾಶಿ ಕಮಾನಿನ ಹಾಗೆ ಗಟ್ಟಿಯಾಗಿ ನಿಂತುಬಿಡುತ್ತದೆ. ಕೆಳಗೆ ಖಾಲಿ, ಮೇಲೆ ತುಂಬಿದೆ, ಬಾಯ್ಲರಿಗೆ ಏನೂ ಬರುತ್ತಿಲ್ಲ. ರಾತ್ರಿ ಹತ್ತು ಗಂಟೆ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ, ಮಗು ನಡುಗುತ್ತಿದೆ. ಒಂದು ನಿಮಿಷ ಒಳಗೆ ಹೋಗಿ ಸಲಿಕೆಯಿಂದ ತಳ್ಳಿ ಬರೋಣ ಎನಿಸುತ್ತದೆ. ಹೋಗಬೇಡಿ. ಕಮಾನು ಕುಸಿದರೆ ಪೆಲೆಟ್ಟಿನಡಿ ಹೂತುಹೋಗುವ ಅಪಾಯ ಬೇರೆ. ಮಗುವನ್ನು ಸ್ನೇಹಿತರ ಮನೆಗೆ ಕರೆದುಕೊಂಡು ಹೋಗಿ, ಒಂದು ವಿದ್ಯುತ್ ಹೀಟರ್ ಹಾಕಿಕೊಳ್ಳಿ. ಬೆಳಿಗ್ಗೆ ಬಾಯ್ಲರನ್ನೂ, ಪೆಲೆಟ್ ಎಳೆಯುವ ಮೋಟಾರನ್ನೂ ಮುಖ್ಯ ಸ್ವಿಚ್ಚಿನಲ್ಲೇ ಆರಿಸಿ, ಹೊರಬಾಗಿಲು, ಕಿಟಕಿ ಎದುರುಬದುರಾಗಿ ತೆಗೆದು, ಪೆಲೆಟ್ ಕೋಣೆಯ ಬಾಗಿಲು ತೆರೆದು ದೂರ ನಿಲ್ಲಿ. ಮನೆಯ ಕಡೆಯ ಬಾಗಿಲು ಮಾತ್ರ ಮುಚ್ಚಿರಲಿ, ಇಲ್ಲದಿದ್ದರೆ ವಿಷಗಾಳಿಯನ್ನು ನೀವೇ ಮನೆಗೆ ಬಿಟ್ಟುಕೊಂಡಂತೆ. ಉದ್ದ ಕೋಲಿಗೆ ಮೀಟರ್ ಕಟ್ಟಿ ಒಳಗೆ ಚಾಚಿ, ಒಂದೆರಡು ನಿಮಿಷ ಹಿಡಿದು, ಹೊರಗೆಳೆದು ನೋಡಿ. 30 ಪಿಪಿಎಂಗಿಂತ ಕೆಳಗೆ ಬಂದು ಅಲ್ಲೇ ನಿಲ್ಲುವವರೆಗೆ ಬಾಗಿಲೊಳಗೆ ತಲೆಯನ್ನೂ ಹಾಕಬೇಡಿ. ಆಮ್ಲಜನಕವನ್ನೂ ಅಳೆಯುವ ಮೀಟರ್ ಇದ್ದರೆ ಶೇ. 19.5ಕ್ಕಿಂತ ಕಡಿಮೆ ಇರಬಾರದು. ಬಾಗಿಲ ಹೊರಗಿನಿಂದಲೇ ಕೋಲಿನಲ್ಲಿ ಕಮಾನು ಬಿಡಿಸಲು ಆಗುವಾಗ ಒಳಗೆ ಹೋಗುವುದೇ ಬೇಡ. ಹೋಗಲೇಬೇಕಾದರೆ ಹೊರಗೆ ಇನ್ನೊಬ್ಬರು ನಿಂತಿರಲಿ, ಮೀಟರ್ ಎದೆಯ ಮೇಲಿರಲಿ. ಬಹುಮಹಡಿ ವಸತಿಯ ದೊಡ್ಡ ಕೋಣೆಗಳಾದರೆ ನೀವು ಹೋಗಲೇಬೇಡಿ, ಅದು ತರಬೇತಾದವರ ಕೆಲಸ.

ಎನ್‌95 ಮುಖಗವಸು ಧೂಳಿಗೆ ಒಳ್ಳೆಯದು. ಕಾರ್ಬನ್ ಮೊನಾಕ್ಸೈಡಿಗೆ ಅದು ಬಾಗಿಲಿಲ್ಲದ ಮನೆ.

ಒಳಗೆ ಯಾರಾದರೂ ಬಿದ್ದಿರುವುದು ಕಂಡರೆ ಒಳಗೆ ಓಡಬೇಡಿ. ಬರೆಯಲು ಸುಲಭ, ಪಾಲಿಸಲು ಕಷ್ಟ ಎಂದು ಗೊತ್ತು. ಬಿದ್ದವರು ಗಂಡನೋ ಹೆಂಡತಿಯೋ ಆಗಿರುತ್ತಾರೆ. ಹಗೇವಿನಲ್ಲಿ ಎರಡನೆಯವರು ಸತ್ತದ್ದೂ ಹೀಗೆಯೇ. ಹೊರಬಾಗಿಲುಗಳನ್ನೆಲ್ಲ ಹಾರು ಹೊಡೆಯಿರಿ, ಯುರೋಪಿನಲ್ಲಿ 112, ಅಮೆರಿಕದಲ್ಲಿ 911ಕ್ಕೆ ಕರೆ ಮಾಡಿ, ‘ಪೆಲೆಟ್ ಕೋಣೆಯಲ್ಲಿ ವ್ಯಕ್ತಿ ಬಿದ್ದಿದ್ದಾರೆ, ಕಾರ್ಬನ್ ಮೊನಾಕ್ಸೈಡ್ ಇರಬಹುದು’ ಎಂದೇ ಹೇಳಿ. ಹಾಗೆ ಹೇಳಿದರೆ ಬರುವವರು ಉಸಿರಾಟದ ಸಿಲಿಂಡರ್ ಕಟ್ಟಿಕೊಂಡೇ ಇಳಿಯುತ್ತಾರೆ.

ನಿಧಾನವಾಗಿ ಏರುವ ವಿಷದ ಲಕ್ಷಣ ತಲೆನೋವು, ಸುಸ್ತು, ವಾಕರಿಕೆ, ತಲೆಸುತ್ತು. ಜ್ವರವಿಲ್ಲದ ಫ್ಲೂ ಎನಿಸುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ಹೀಗಾದರೆ, ಹೊರಗೆ ಹೋದಾಗ ವಾಸಿಯಾಗಿ ಮನೆಗೆ ಬಂದಾಗ ಮರುಕಳಿಸಿದರೆ ಅನುಮಾನಿಸಿ. ಇಲ್ಲಿ ಒಂದು ತಪ್ಪು ಮಾಡಬೇಡಿ. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬಹಳ ಮನೆಗಳಲ್ಲಿದೆ, ಬೆರಳಿಗೆ ಸಿಕ್ಕಿಸಿದರೆ 98 ತೋರಿಸುತ್ತದೆ, ಸಮಾಧಾನವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ರಕ್ತದ ಬಣ್ಣವನ್ನು ಆ ಸಾಧನ ಆಮ್ಲಜನಕ ತುಂಬಿದ ರಕ್ತ ಎಂದೇ ಓದುತ್ತದೆ. ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿ ಎಂದು ಕೇಳಿ, ಮನೆಯಲ್ಲಿ ಪೆಲೆಟ್ ಇದೆ ಎಂದೂ ಹೇಳಿ. ಗರ್ಭಿಣಿಯರಿಗೆ ತಾಯಿಯ ಲಕ್ಷಣ ಹಗುರವಾಗಿ ಕಂಡರೂ ತಡಮಾಡಬಾರದು, ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಈ ವಿಷ ಇಳಿಯುವುದು ಇನ್ನೂ ನಿಧಾನ.

ಅಲಾರಂ ಇದೆಯಲ್ಲ ಎನ್ನುವವರಿಗೆ: ಅದು ಹೊಗೆಯದೋ ಕಾರ್ಬನ್ ಮೊನಾಕ್ಸೈಡಿನದೋ ಮೊದಲು ನೋಡಿ. ಹೊಗೆ ಅಲಾರಂ ಈ ವಿಷಕ್ಕೆ ಕಿವುಡು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಸಣ್ಣ ಮಟ್ಟಕ್ಕೆ ಬಾಯಿ ತೆಗೆಯುವುದಿಲ್ಲ. ಅಮೆರಿಕದ ಯುಎಲ್ 2034 ಮಾನದಂಡದಲ್ಲಿ 70 ಪಿಪಿಎಂ ಇದ್ದರೆ ಕೂಗಲು ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. 30 ಪಿಪಿಎಂ 30 ದಿನ ಇದ್ದರೂ ಕೂಗಬಾರದು ಎಂದೇ ನಿಯಮ. ಯುರೋಪಿನ ಇಎನ್ 50291ರಲ್ಲಿ 50 ಪಿಪಿಎಂಗೆ 60ರಿಂದ 90 ನಿಮಿಷ. ಅಂದರೆ ಅಲಾರಂ ಮೌನವಾಗಿರುವುದಕ್ಕೂ ಗಾಳಿ ಚೆನ್ನಾಗಿರುವುದಕ್ಕೂ ಸಂಬಂಧವಿಲ್ಲ. ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವುದನ್ನೇ ಕೊಳ್ಳಿ. ಮಲಗುವ ಕೋಣೆಗಳ ಬಳಿ ಒಂದು, ಪೆಲೆಟ್ ಕೋಣೆಯ ಬಾಗಿಲ ಹೊರಗೆ ಒಂದು ಇರಲಿ. ಕೋಣೆಯ ಒಳಗೆ ಹಾಕಿದರೆ ಧೂಳು ಸೆನ್ಸರನ್ನು ಹಾಳುಮಾಡುತ್ತದೆ. ಹಿಂಬದಿಯಲ್ಲಿ ಬದಲಿಸಬೇಕಾದ ವರ್ಷ ಬರೆದಿರುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ಬಾಡಿಗೆ ಮನೆಗಳಲ್ಲಿ ಆ ಗಡುವು ಎಂದೋ ಮುಗಿದಿರುವುದುಂಟು.

ಪೆಲೆಟ್ ಅಲ್ಲ, ಕಡಿದ ಸೌದೆಯೇ ಉರಿಸುತ್ತೇವೆ ಎನ್ನುವವರಿಗೆ ತೊಂದರೆ ಬೇರೆ ಥರದ್ದು: ನೀರು ಮತ್ತು ಬೂಷ್ಟು. ಹಸಿ ಸೌದೆಯ ತೂಕದಲ್ಲಿ ಶೇ. 45ರಷ್ಟು ನೀರೇ ಇರಬಹುದು. ಅಂಥ ಒಂದು ಟನ್ ಸೌದೆ ಶೇ. 20ಕ್ಕೆ ಒಣಗುವಷ್ಟರಲ್ಲಿ ಸುಮಾರು 310 ಲೀಟರ್ ನೀರು ಬಿಟ್ಟಿರುತ್ತದೆ. ಬೇಸ್‌ಮೆಂಟಿನಲ್ಲಿ ಒಣಗಿಸಿದರೆ ಅಷ್ಟೂ ನೀರು ನಿಮ್ಮ ಗೋಡೆಗೆ, ಬಟ್ಟೆಯ ಬೀರುವಿಗೆ, ಶ್ವಾಸಕ್ಕೆ. ಬೆಚ್ಚಗಿನ ತೇವದಲ್ಲಿ ತೊಗಟೆಯ ಮೇಲೆ ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಬೂಷ್ಟು ಏಳುತ್ತದೆ. ಅದರ ಬೀಜಕಣ ಆಸ್ತಮಾ ಇರುವವರಿಗೆ ಉಬ್ಬಸ ತರುತ್ತದೆ, ದಿನವೂ ಉಸಿರಾಡಿದರೆ ಕೆಲವರ ಶ್ವಾಸಕೋಶವೇ ಊದಿಕೊಳ್ಳುತ್ತದೆ. ಸೌದೆ ಹೊರಗೆ ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ಹೊದಿಸಿ, ಬದಿಗಳನ್ನು ತೆರೆದಿಡಿ. ಮಲೆನಾಡಿನ ಕೊಟ್ಟಿಗೆ ಇದನ್ನೇ ಮಾಡುತ್ತದೆ. ಒಂದೆರಡು ದಿನಕ್ಕಾಗುವಷ್ಟು ಮಾತ್ರ ಒಳಗೆ ತನ್ನಿ. ತೇವದ ಮೀಟರನ್ನು ಸೌದೆಯ ಹೊರಮೈಗಲ್ಲ, ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ ನೋಡಿ; 20ಕ್ಕಿಂತ ಕೆಳಗಿರಲಿ. ಹುಳ ಬಂತೆಂದು ಸೌದೆಗೆ ಕೀಟನಾಶಕ ಹೊಡೆಯಬೇಡಿ, ಆಮೇಲೆ ಅದನ್ನೇ ಉರಿಸುತ್ತೀರಿ.

ಬೂದಿಯದೂ ಒಂದು ಮಾತು. ಒಲೆಯಿಂದ ತೆಗೆದ ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಆ ಬಕೆಟ್ಟನ್ನು ಗ್ಯಾರೇಜಿನಲ್ಲೋ ಮೆಟ್ಟಿಲ ಕೆಳಗೋ ಇಟ್ಟರೆ ಅದು ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯೇ. ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮನೆಯ ಹೊರಗೆ, ಮರದ ಕಟ್ಟೆಯಿಂದ ದೂರ ಇಡಿ.

ಕೂಟಗಳ ಪದಾಧಿಕಾರಿಗಳಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಹೊಸದಾಗಿ ಬಂದವರಿಗೆ ಶಾಲೆ, ವಿಮೆ, ದಿನಸಿ ಅಂಗಡಿಗಳ ಪಟ್ಟಿ ಕೊಡುತ್ತೀರಲ್ಲ, ಅದರಲ್ಲಿ ಮನೆ ನೋಡುವಾಗ ಕೇಳಬೇಕಾದ ಪ್ರಶ್ನೆಗಳನ್ನೂ ಸೇರಿಸಿ: ಪೆಲೆಟ್ ಎಲ್ಲಿದೆ, ಎಷ್ಟು ಟನ್, ಆ ಕೋಣೆಯ ಗಾಳಿ ಬಯಲಿಗೆ ಹೋಗುತ್ತದೆಯೇ, ಕಡೆಯ ಸಲ ಯಾವಾಗ ತುಂಬಿಸಿದ್ದು, ಅಲಾರಂ ಯಾವ ವರ್ಷದ್ದು. ಕೂಟದ ಹಣದಲ್ಲಿ ಅಂಕಿ ತೋರಿಸುವ ಒಂದು ಮೀಟರ್ ಕೊಂಡು ಗ್ರಂಥಾಲಯದ ಪುಸ್ತಕದಂತೆ ವಾರಕ್ಕೊಂದು ಮನೆಗೆ ಎರವಲು ಕೊಡಿ. ಯುಗಾದಿ, ರಾಜ್ಯೋತ್ಸವದ ಜತೆಗೆ ಜೂನ್ ತಿಂಗಳ ಬೇಸಿಗೆ ಕೂಟದಲ್ಲೂ ಹತ್ತು ನಿಮಿಷ ಈ ವಿಷಯಕ್ಕಿಡಿ, ಯಾಕೆಂದರೆ ಲಾರಿಗಳು ಬರುವುದು ಆಗಲೇ. ಮನೆ ಮಾಲೀಕರಿಗೆ ಪತ್ರ ಬರೆಯಲು ಭಾಷೆ ಬಾರದ ಹೊಸಬರಿಗೆ ಜರ್ಮನ್, ಸ್ವೀಡಿಷ್ ಬಲ್ಲ ಹಳಬರು ಬರೆದುಕೊಡಲಿ.

ಊರಲ್ಲೂ ಈಗ ಹಾಸ್ಟೆಲು, ಕಲ್ಯಾಣ ಮಂಟಪ, ಹೋಟೆಲುಗಳ ಅಡುಗೆಮನೆಗೆ ಪೆಲೆಟ್ ಒಲೆ ಬರುತ್ತಿದೆ. ಅಲ್ಲಿ ದಾಸ್ತಾನು ಕೋಣೆಯ ಚೀಲಗಳ ಮೇಲೇ ಅಡುಗೆ ಆಳುಗಳು ರಾತ್ರಿ ಮಲಗುವುದಿದ್ದರೆ ತಡೆಯಿರಿ. ಊರಿಗೆ ಫೋನ್ ಮಾಡಿದಾಗ ಅಂಥ ಒಲೆ ಹಾಕಿಸಿದ ನೆಂಟರಿಗೆ ಇದನ್ನು ಹೇಳಿ.

ಈ ಪತ್ರ ಓದಿದ ದಿನವೇ ಮಾಡಬಹುದಾದ್ದು ಒಂದಿದೆ. ಪೆಲೆಟ್ ಕೋಣೆಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಟ್ಟು, ಬಾಗಿಲ ಮೇಲೆ ಕನ್ನಡದಲ್ಲೂ ಆ ದೇಶದ ಭಾಷೆಯಲ್ಲೂ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಒಳಗೆ ವಿಷಗಾಳಿ. ಅಳೆಯದೆ ಹೋಗಬೇಡಿ.’ ಊರಿಂದ ಬಂದ ಅಜ್ಜಿಗೆ ಜರ್ಮನ್ ಚೀಟಿ ಓದಲು ಬರುವುದಿಲ್ಲ.

ಇಂತಿ,
ಮನೆಯ ಗಾಳಿ ಮತ್ತು ಮರದ ಇಂಧನದ ಸುರಕ್ಷತೆಯಲ್ಲಿ ಕೆಲಸ ಮಾಡುವ ಕನ್ನಡಿಗರು